ಮುರಕಲ್ಲು ತಿಂದ ಮೂಳೆಗಳು

1801ರ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಂಗಳೂರು ಬಿಟ್ಟು ಬಂಟ್ವಾಳಕ್ಕೆ ಬಂದ. ಅಲ್ಲಿಂದ ಮುಂದೆ ಜಮಾಲಾಬಾದ್ ಕೋಟೆಯ ಗಡಾಯಿಕಲ್ಲು, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳನ್ನು ನೋಡಿಕೊಂಡು ಕಾರ್ಕಳದ ಕಡೆ ಹೋದ. ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಂಪನಿಯ ವಶವಾದ ಸೀಮೆಯಲ್ಲಿ ಯಾವ ಬೆಳೆ ಬರುತ್ತದೆ, ಯಾರು ಎಷ್ಟು ಕಂದಾಯ ಕಟ್ಟುತ್ತಾರೆ, ಮಣ್ಣು ಎಂಥದ್ದು ಎಂದು ಬರೆದುಕೊಳ್ಳುವುದು ಅವನಿಗೆ ಒಪ್ಪಿಸಿದ್ದ ಕೆಲಸ. ಇದೇ ಪ್ರಯಾಣದಲ್ಲಿ, ಮಲಬಾರಿನ ಅಂಗಾಡಿಪುರದಲ್ಲಿ, ಅವನು ಒಂದು ವಿಚಿತ್ರ ಕಲ್ಲನ್ನು ಗಮನಿಸಿದ್ದ. ನೆಲದೊಳಗೆ ಇರುವಷ್ಟು ಹೊತ್ತು ಕಬ್ಬಿಣದ ಹತಾರದಿಂದ ಸಲೀಸಾಗಿ ಕಡಿಯಬಹುದು. ತೆಗೆದು ಗಾಳಿಗಿಟ್ಟರೆ ಗಟ್ಟಿಯಾಗಿಬಿಡುತ್ತದೆ. 1807ರಲ್ಲಿ ಅಚ್ಚಾದ ಪ್ರವಾಸ ಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮ ಮನೆಗಳ ಗೋಡೆ, ತೋಟದ ಅಗಳು, ಬಾವಿಯ ಕಟ್ಟೆ ಎಲ್ಲವೂ ಆಗಿರುವ ಮುರಕಲ್ಲು ಅದೇ.

ಈ ಕಲ್ಲಿಗೂ ಮಾನವನ ಪೂರ್ವಜರ ಅಳಿವಿಗೂ ಏನು ಸಂಬಂಧ ಎಂದು ಕೇಳಬಹುದು. ಒಂದು ಜೀವಿ ಅಳಿಯಿತು ಎನ್ನಬೇಕಾದರೆ ಅದು ಇತ್ತು ಎಂಬುದು ಮೊದಲು ಗೊತ್ತಾಗಬೇಕು. ಇತ್ತು ಎನ್ನುವುದಕ್ಕೆ ಮೂಳೆ ಬೇಕು, ಹಲ್ಲು ಬೇಕು. ನೇತ್ರಾವತಿ ಹರಿಯುವ ಈ ಮುರಕಲ್ಲಿನ ಸೀಮೆಯ ಮಣ್ಣು ಮೂಳೆಯನ್ನು ಉಳಿಸುವುದಿಲ್ಲ. ಇಲ್ಲಿ ನಡೆಯುವುದು ಎರಡು ಅಳಿವು: ಮೊದಲು ಜೀವಿಯದು, ಆಮೇಲೆ ಅದರ ಪುರಾವೆಯದು. ಎರಡನ್ನೂ ಬಿಡಿಸಿ ನೋಡದಿದ್ದರೆ ನಮ್ಮ ಪೂರ್ವಜರ ಕಥೆ ಆಫ್ರಿಕಾ, ಯುರೋಪುಗಳಲ್ಲಷ್ಟೇ ನಡೆದದ್ದು ಎಂಬ ತಪ್ಪು ಚಿತ್ರ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಹುಳಿ ಮಣ್ಣಿನ ಕೆಲಸ

ಮುರಕಲ್ಲು ಹುಟ್ಟುವುದೇ ತೊಳೆದು ಹೋಗುವುದರಿಂದ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಲಕ್ಷಾಂತರ ವರ್ಷ ಇಂಥ ಮಳೆ ಮೂಲಬಂಡೆಯೊಳಗೆ ಇಳಿದಾಗ ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ, ಕೊನೆಗೆ ಸಿಲಿಕಾ ಕೂಡ ಕರಗಿ ಹರಿದುಹೋಗುತ್ತವೆ. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಹಿಂದುಳಿಯುತ್ತವೆ. ಕೆಂಪು ಬಣ್ಣ ಆ ಕಬ್ಬಿಣದ್ದು. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡ ಕೊರೆದು ಸುರಂಗದಿಂದ ನೀರು ತಂದು ತೋಟ ಮಾಡಿದ್ದು, ಅದಕ್ಕಾಗಿ 2022ರಲ್ಲಿ ಪದ್ಮಶ್ರೀ ಪಡೆದದ್ದು ಎಲ್ಲರಿಗೂ ತಿಳಿದಿದೆ. ಅಂಥ ಸುರಂಗಗಳಿಗೆ ನೀರು ಒದಗುವುದು ಮುರಕಲ್ಲಿನ ಮೈತುಂಬ ತೂತುಗಳಿರುವುದರಿಂದ. ಗುಡ್ಡದ ನೆತ್ತಿಯ ಮಳೆ ಒಳಗೊಳಗೇ ಸೋಸಿ ಬರುತ್ತದೆ. ಬರುವಾಗ ಕರಗುವುದನ್ನೆಲ್ಲ ಹೊತ್ತು ತರುತ್ತದೆ.

ಮೂಳೆ ಕರಗುವ ವಸ್ತು. ಅದರ ಗಟ್ಟಿ ಭಾಗ ಕ್ಯಾಲ್ಸಿಯಂ ಫಾಸ್ಫೇಟ್, ಅದನ್ನು ಹಿಡಿದಿಡುವುದು ಕೊಲಾಜೆನ್ ಎಂಬ ನಾರು. ಬೆಚ್ಚಗಿನ ತೇವದಲ್ಲಿ ಕೊಲಾಜೆನನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಆಮ್ಲೀಯ ನೀರು ಫಾಸ್ಫೇಟನ್ನು ಕರಗಿಸುತ್ತದೆ. ಇಲ್ಲಿನ ಮಣ್ಣು ಹುಳಿ ಎಂಬುದು ಅಡಿಕೆ ಬೆಳೆಗಾರರಿಗೆ ಹೊಸ ಸುದ್ದಿಯಲ್ಲ. ಹುಳಿ ಮುರಿಯಲೆಂದೇ ತೋಟಕ್ಕೆ ಸುಣ್ಣ ಹಾಕುತ್ತೇವೆ. ಮರದ ಬುಡಕ್ಕೆ ನಾವು ಸುರಿಯುವ ಕ್ಯಾಲ್ಸಿಯಂ ಯಾವುದೋ, ಸತ್ತ ಪ್ರಾಣಿಯ ಮೂಳೆಯಿಂದ ಮಣ್ಣು ಕಿತ್ತುಕೊಳ್ಳುವುದೂ ಅದನ್ನೇ.

ಎಷ್ಟು ಬೇಗ ಎಂಬುದಕ್ಕೆ ಮೂಡುಬಿದಿರೆಯ ಪಕ್ಕದ ಮೂಡುಕೊಣಾಜೆ ಸಾಕ್ಷಿ. ಅಲ್ಲಿನ ಬಂಡೆಗುಡ್ಡದ ಇಳಿಜಾರಿನಲ್ಲಿ ಒಂಬತ್ತು ಕಲ್ಲುಗೋರಿಗಳಿರುವುದನ್ನು 1980ರ ದಶಕದಲ್ಲಿ ಇತಿಹಾಸಕಾರ ಪುಂಡಿಕಾಯಿ ಗಣಪಯ್ಯ ಭಟ್ಟರು ದಾಖಲಿಸಿದ್ದರು. 2023ರಲ್ಲಿ ಪುರಾತತ್ವ ವಿದ್ವಾಂಸ ಟಿ. ಮುರುಗೇಶಿ ಅವರು ಅಲ್ಲಿಂದ ಸುಟ್ಟ ಮಣ್ಣಿನ ಎತ್ತು, ನವಿಲು, ಕುದುರೆ, ಮಾತೃದೇವತೆಯ ಪ್ರತಿಮೆಗಳನ್ನು ಬೆಳಕಿಗೆ ತಂದರು. ಅವು ಕ್ರಿಸ್ತಪೂರ್ವ 800–700ರ ಕಾಲದವು ಎಂಬುದು ಅವರ ಅಂದಾಜು. ಜೊತೆಗೆ ಮೂಳೆಯ, ಕಬ್ಬಿಣದ ಚೂರುಗಳೂ ಇದ್ದವು. ಚಪ್ಪಡಿ ಮುಚ್ಚಿ ಮಳೆಯಿಂದ ಮರೆಮಾಡಿದ್ದ ಗೋರಿಯಲ್ಲಿ ಮೂರು ಸಾವಿರ ವರ್ಷ ತುಂಬುವ ಮೊದಲೇ ಮೂಳೆ ಚೂರಾಗಿದೆ. ನಾವು ಹುಡುಕುತ್ತಿರುವ ಪೂರ್ವಜರಾದರೋ ಲಕ್ಷಗಟ್ಟಲೆ ವರ್ಷ ಹಿಂದಿನವರು, ಚಪ್ಪಡಿ ಹೊದಿಸಿ ಹೂಳುವ ಬಂಧುಗಳಿಲ್ಲದವರು.

ಹುಣಸಗಿಯ ಹಲ್ಲು, ನರ್ಮದೆಯ ಬುರುಡೆ

ಘಟ್ಟ ಹತ್ತಿ ಬಯಲುಸೀಮೆಗೆ ಹೋದರೆ ಪರಿಸ್ಥಿತಿ ಬೇರೆ. ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಟ್ಟಲೆ ಕೆಲಸ ಮಾಡಿದರು. ಅಲ್ಲಿನ ಇಸಾಂಪುರದಲ್ಲಿ ಸಿಕ್ಕಿದ್ದು ಶಿಲಾಯುಗದ ಒಂದು ಕಾರ್ಯಾಗಾರ. ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದವರ ಚೆಕ್ಕೆಗಳು, ಅರ್ಧಕ್ಕೆ ಬಿಟ್ಟ ಉಪಕರಣಗಳು, ಬಡಿಯುವ ಗುಂಡುಕಲ್ಲುಗಳು ಬಿದ್ದಲ್ಲೇ ಬಿದ್ದಿದ್ದವು. ಅವುಗಳ ಜೊತೆ ದನದ ಜಾತಿಯ ಪ್ರಾಣಿಗಳ ಹಲ್ಲುಗಳೂ ಇದ್ದವು. ಹಲ್ಲಿನ ಎನಾಮೆಲ್‌ನಲ್ಲಿ ಕಾಲಕ್ರಮೇಣ ಸಿಕ್ಕಿಬೀಳುವ ಎಲೆಕ್ಟ್ರಾನುಗಳನ್ನು ಅಳೆದು ವಯಸ್ಸು ಹೇಳುವ ವಿಧಾನ ಒಂದಿದೆ. ಅದರ ಪ್ರಕಾರ ಇಸಾಂಪುರ ಸುಮಾರು 12 ಲಕ್ಷ ವರ್ಷ ಹಳೆಯದು. ಸುಣ್ಣಕಲ್ಲು ಹುಳಿಯನ್ನು ಕೊಲ್ಲುತ್ತದೆ, ಹಾಗಾಗಿ ಹಲ್ಲು ಉಳಿಯಿತು. ಚೆನ್ನೈ ಬಳಿಯ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಅವರ ತಂಡ 2011ರಲ್ಲಿ ಪ್ರಕಟಿಸಿದ ಕಾಲಮಾನ ಇನ್ನೂ ಹಿಂದಕ್ಕೆ ಹೋಗುತ್ತದೆ: ಸುಮಾರು 15 ಲಕ್ಷ ವರ್ಷ.

ಆ ಕೈಗೊಡಲಿ ಮಾಡಿದವರು ನಮ್ಮ ಜಾತಿಯವರಲ್ಲ. ಹೋಮೋ ಸೇಪಿಯನ್ಸ್ ಹುಟ್ಟಿ ಮೂರು ಲಕ್ಷ ವರ್ಷವಷ್ಟೇ ಆಗಿದೆ. ಇಸಾಂಪುರದಲ್ಲಿ ಕಲ್ಲು ಒಡೆದವರು ಬಹುಶಃ ಹೋಮೋ ಎರೆಕ್ಟಸ್ ಅಥವಾ ಅದರ ಹತ್ತಿರದವರು. ಬಹುಶಃ ಎನ್ನಬೇಕಾಗಿರುವುದು ಅವರದೇ ಮೂಳೆ ಕೈಗೆ ಸಿಗದ ಕಾರಣಕ್ಕೆ. ಇಡೀ ಭಾರತದಲ್ಲಿ ಆ ಪ್ರಾಚೀನ ಮಾನವರ ಒಂದು ಬುರುಡೆ ಸಿಕ್ಕಿರುವುದು ಮಧ್ಯಪ್ರದೇಶದ ಹಥನೋರಾದಲ್ಲಿ, ನರ್ಮದೆಯ ದಂಡೆಯ ಜಲ್ಲಿಪದರದಲ್ಲಿ. 1982ರ ಡಿಸೆಂಬರ್ 5ರಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅರುಣ್ ಸೋನಕಿಯಾ ಅವರಿಗೆ ಸಿಕ್ಕ ಆ ಬುರುಡೆ ಯಾವ ಜಾತಿಗೆ ಸೇರಿದ್ದು ಎಂಬ ವಾದ ನಾಲ್ಕು ದಶಕ ಕಳೆದರೂ ಮುಗಿದಿಲ್ಲ. ಸಾವಿರಾರು ಕಲ್ಲಿನ ಉಪಕರಣ, ಒಂದು ಬುರುಡೆ: ಇದು ನಮ್ಮ ದೇಶದ ಲೆಕ್ಕ.

ಪೂರ್ವಜರೆಲ್ಲ ಪೂರ್ವಜರಲ್ಲ

ಶಾಲೆಯ ಗೋಡೆಯ ಮೇಲೆ ಬಾಗಿ ನಡೆಯುವ ವಾನರ ಹೆಜ್ಜೆಹೆಜ್ಜೆಗೂ ನೆಟ್ಟಗಾಗುತ್ತ ಕೊನೆಗೆ ಮನುಷ್ಯನಾಗುವ ಚಿತ್ರವನ್ನು ನೋಡಿ ಬೆಳೆದವರು ನಾವು. ಅದು ಪೂರ್ತಿ ದಾರಿ ತಪ್ಪಿಸುವ ಚಿತ್ರ. ಮಾನವ ಕುಲ ಒಂದೇ ಸಾಲಾಗಿ ಬಂದಿಲ್ಲ. ಹತ್ತಿಪ್ಪತ್ತು ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ನಮ್ಮ ಹೋಮೋ ಗಣದವರ ಜೊತೆಯಲ್ಲೇ ಪ್ಯಾರಾಂಥ್ರೋಪಸ್ ಎಂಬ ದೊಡ್ಡ ದವಡೆಯ ಬಳಗವೂ ಓಡಾಡಿಕೊಂಡಿತ್ತು. 1959ರಲ್ಲಿ ತಾಂಜಾನಿಯಾದ ಓಲ್ಡುವಾಯಿಯಲ್ಲಿ ಮೇರಿ ಲೀಕಿ ಪತ್ತೆಮಾಡಿದ್ದು ಅಂಥ ಒಂದು ಬುರುಡೆಯನ್ನು. ಆ ಬಳಗ ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆ ಮುಗಿದುಹೋಯಿತು, ಸಂತತಿ ಉಳಿಸದೆ. ಅವರು ನಮ್ಮ ಪೂರ್ವಜರಲ್ಲ, ದಾಯಾದಿಗಳು.

ಹೀಗಾಗಿ ಅಳಿವಿನಲ್ಲಿ ಎರಡು ಬಗೆ. ಒಂದು ಜಾತಿ ನಿಧಾನವಾಗಿ ಬದಲಾಗುತ್ತ ಇನ್ನೊಂದಾದರೆ ಹಳೆಯ ಹೆಸರು ಅಳಿಯುತ್ತದೆ, ವಂಶ ಮುಂದುವರಿಯುತ್ತದೆ. ಪ್ಯಾರಾಂಥ್ರೋಪಸ್‌ನಂತೆ ಕೊಂಬೆಯೇ ಒಣಗಿದರೆ ಅದು ನಿಜವಾದ ಅಳಿವು. ಯಾವುದು ಯಾವುದೆಂದು ಹೇಳುವುದು ಸುಲಭವಲ್ಲ. ಹಿಮಾಚಲ ಪ್ರದೇಶದ ಹರಿತಲ್ಯಾಂಗರ್‌ನಲ್ಲಿ 1932ರಲ್ಲಿ ಸಿಕ್ಕ ದವಡೆಯ ತುಂಡಿಗೆ ರಾಮಾಪಿಥೆಕಸ್ ಎಂದು ಹೆಸರು ಬಿತ್ತು; ಭಾರತದ ನೆಲದಲ್ಲೇ ಮಾನವನ ಮೂಲಪುರುಷ ಸಿಕ್ಕ ಎಂದು ನಮ್ಮ ಪಠ್ಯಗಳೂ ಬರೆದವು. ಮುಂದೆ ಪೂರ್ಣ ಮುಖದ ಪಳೆಯುಳಿಕೆಗಳು ಸಿಕ್ಕಾಗ ಅದು ಶಿವಾಪಿಥೆಕಸ್ ಎಂದೂ, ಅದರ ಹತ್ತಿರದ ನೆಂಟ ಮನುಷ್ಯನಲ್ಲ, ಒರಾಂಗುಟಾನ್ ಎಂದೂ ತಿಳಿಯಿತು.

ಒಂದು ಲಕ್ಷ ವರ್ಷದ ಹಿಂದೆ ಭೂಮಿಯ ಮೇಲೆ ಮಾನವರು ಎಷ್ಟು ಬಗೆ ಇದ್ದರು ನೋಡಿ. ಆಫ್ರಿಕಾದಲ್ಲಿ ನಾವು. ಯುರೋಪು ಮತ್ತು ಪಶ್ಚಿಮ ಏಷ್ಯಾದಲ್ಲಿ ನಿಯಾಂಡರ್ತಾಲರು. ಪೂರ್ವ ಏಷ್ಯಾದಲ್ಲಿ ಡೆನಿಸೋವರು. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಮೂರೂವರೆ ಅಡಿ ಎತ್ತರದ ಹೋಮೋ ಫ್ಲೋರೆಸಿಯೆನ್ಸಿಸ್. ಇಂದು ಇರುವುದು ಒಂದೇ ಜಾತಿ. ಘಟ್ಟದ ತಪ್ಪಲಿನ ಮಲೆಕುಡಿಯರೂ ಕೊರಗರೂ ನ್ಯೂಯಾರ್ಕಿನ ನಿವಾಸಿಯೂ ಅಷ್ಟೇ ದೀರ್ಘ ಚರಿತ್ರೆಯ, ಅಷ್ಟೇ ಆಧುನಿಕ ಹೋಮೋ ಸೇಪಿಯನ್ಸ್. ಯಾವ ಜನಸಮುದಾಯವನ್ನೂ ಆದಿಮಾನವರ ಉಳಿಕೆ ಎನ್ನುವುದು ವಿಜ್ಞಾನವಲ್ಲ, ಅಹಂಕಾರ.

ಕಾಡೂ ಕೊಲ್ಲಬಲ್ಲದು

ಹೋಮೋ ಎರೆಕ್ಟಸ್ ಎಲ್ಲರಿಗಿಂತ ಹೆಚ್ಚು ಕಾಲ ಬಾಳಿದ ಮಾನವ ಜಾತಿ. ಹದಿನೆಂಟು ಲಕ್ಷ ವರ್ಷಕ್ಕೂ ಮಿಕ್ಕಿ. 1891ರಲ್ಲಿ ಯೂಜೀನ್ ದ್ಯುಬುವಾ ಅದರ ಮೊದಲ ಪಳೆಯುಳಿಕೆಗಳನ್ನು ಕಂಡಿದ್ದು ಜಾವಾ ದ್ವೀಪದ ಟ್ರಿನಿಲ್‌ನಲ್ಲಿ. ಅದೇ ದ್ವೀಪದ ನ್ಗಾಂಡಾಂಗ್‌ನಲ್ಲಿ ಸಿಕ್ಕ ಬುರುಡೆಗಳು ಅದರ ಕೊನೆಯ ಕುರುಹು. ಅವುಗಳ ಕಾಲ 1.17ರಿಂದ 1.08 ಲಕ್ಷ ವರ್ಷಗಳ ಹಿಂದೆ ಎಂದು 2019ರ ಅಧ್ಯಯನ ಹೇಳಿತು. ಆ ಹೊತ್ತಿಗೆ ಜಾವಾದ ಹುಲ್ಲುಗಾವಲು, ತೆರೆದ ಕಾಡುಗಳ ಜಾಗಕ್ಕೆ ದಟ್ಟ ಮಳೆಕಾಡು ಬಂದಿತ್ತು. ಬಯಲಿನ ದೊಡ್ಡ ಪ್ರಾಣಿಗಳನ್ನು ನಂಬಿ ಬಾಳಿದವರಿಗೆ ಆ ಕಾಡು ಊಟ ಕೊಡಲಿಲ್ಲವೆಂದು ಕಾಣುತ್ತದೆ.

ಚಾರ್ಮಾಡಿಯ ಹಸಿರನ್ನು ಕಂಡು ಬೆಳೆದ ನಮಗೆ ಇದು ವಿಚಿತ್ರವೆನಿಸುತ್ತದೆ. ಮಳೆಕಾಡು ಎಂದರೆ ಸಮೃದ್ಧಿಯಲ್ಲವೇ? ನೋಟಕ್ಕೆ ಹೌದು. ಆದರೆ ಅಲ್ಲಿನ ಹಣ್ಣು, ಮಾಂಸ ಎರಡೂ ನೂರಡಿ ಎತ್ತರದಲ್ಲಿ, ಕೊಂಬೆಗಳ ಮೇಲೆ ಇರುತ್ತವೆ. ನೆಲದ ಮೇಲೆ ಹಿಂಡುಹಿಂಡಾಗಿ ಮೇಯುವ ಬೇಟೆ ಕಡಿಮೆ. ಕೈಗೊಡಲಿ ಹಿಡಿದವನಿಗೆ ಮಂಗ ಸಿಗುವುದಿಲ್ಲ. ಶ್ರೀಲಂಕಾದ ಫಾ ಹಿಯೆನ್ ಗುಹೆಯಲ್ಲಿ 45,000 ವರ್ಷಗಳ ಹಿಂದೆ ನಮ್ಮ ಜಾತಿಯವರು ಮಳೆಕಾಡಿನಲ್ಲೇ ನೆಲೆನಿಂತಿದ್ದರು. ಅವರು ಬಿಟ್ಟುಹೋದ ಕಸದ ತುಂಬ ಮಂಗಗಳ, ದೊಡ್ಡ ಅಳಿಲುಗಳ ಮೂಳೆ. ಆ ಮೂಳೆಗಳಿಂದಲೇ ಕೆತ್ತಿದ ಚೂಪು ಮೊನೆಗಳು. ದೂರದಿಂದ ಹೊಡೆದು ಬೀಳಿಸುವ ಉಪಾಯ ಅವರಿಗೆ ಗೊತ್ತಿತ್ತು. ಪಶ್ಚಿಮ ಘಟ್ಟದಂಥ ಕಾಡು ಒಂದು ಮಾನವ ಜಾತಿಗೆ ಗೋಡೆ, ಇನ್ನೊಂದಕ್ಕೆ ಮನೆ.

ಜಾವಾದಲ್ಲಿ ಮಳೆ ಹೆಚ್ಚಿ ಎರೆಕ್ಟಸ್ ಹೋದರೆ, ಫ್ಲೋರೆಸ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 2003ರಲ್ಲಿ ಲಿಯಾಂಗ್ ಬುವಾ ಗುಹೆಯಲ್ಲಿ ಪತ್ತೆಯಾದ ಆ ಕುಳ್ಳರ ಕೊನೆಯ ಸಾವಿರಾರು ವರ್ಷಗಳಲ್ಲಿ ಮಳೆ ಕುಗ್ಗಿತ್ತು, ಅವರು ಬೇಟೆಯಾಡುತ್ತಿದ್ದ ಕುಬ್ಜ ಸ್ಟೆಗೊಡಾನ್ ಆನೆಗಳೂ ಕಡಿಮೆಯಾಗಿದ್ದವು ಎಂದು ಹತ್ತಿರದ ಇನ್ನೊಂದು ಗುಹೆಯ ಸುಣ್ಣದ ಕಂಬದ ಪದರಗಳೂ ಆ ಆನೆಗಳ ಪಳೆಯುಳಿಕೆಗಳೂ ತಿಳಿಸುತ್ತವೆ. ಇಂಥದೇ ಹವೆ ಮಾನವರನ್ನು ಕೊಲ್ಲುತ್ತದೆ ಎಂಬ ನಿಯಮವಿಲ್ಲ. ಹೊಂದಿಕೊಂಡ ಬದುಕಿನ ದಾರಿ ತಪ್ಪಿದಾಗ, ಸರಿದು ಹೋಗಲು ಜಾಗವಿಲ್ಲದಿದ್ದರೆ, ಅಳಿವು ಬರುತ್ತದೆ.

ಹಾಗಾದರೆ ಒಂದೇ ದಿನದ ಪ್ರಳಯ? ಸುಮಾತ್ರಾದ ಟೋಬಾ ಜ್ವಾಲಾಮುಖಿ ಸುಮಾರು 74,000 ವರ್ಷಗಳ ಹಿಂದೆ ಸಿಡಿದಾಗ ಅದರ ಬೂದಿ ಭಾರತದ ಮೇಲೆಲ್ಲ ಸುರಿಯಿತು. ಮಾನವಕುಲ ಅಂದು ನಾಮಾವಶೇಷವಾಗುವುದರಲ್ಲಿತ್ತು ಎಂಬ ವಾದ 1990ರ ದಶಕದಲ್ಲಿ ಹೆಸರು ಮಾಡಿತ್ತು. ಆಂಧ್ರದ ಜ್ವಾಲಾಪುರಂನಲ್ಲಿ ಬೂದಿಯ ಪದರದ ಕೆಳಗೂ ಮೇಲೂ ಒಂದೇ ತರಹದ ಕಲ್ಲಿನ ಉಪಕರಣಗಳು ಸಿಕ್ಕಿವೆ ಎಂದು 2007ರಲ್ಲಿ ಮೈಕೆಲ್ ಪೆಟ್ರಾಗ್ಲಿಯಾ, ರವಿ ಕೊರಿಸೆಟ್ಟರ್ ಮೊದಲಾದವರು ತೋರಿಸಿದರು. ಕೊರಿಸೆಟ್ಟರ್ ಆಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದರು. ಬೂದಿ ಬಿದ್ದ ಮೇಲೂ ಜನ ಇದ್ದರು. ದೊಡ್ಡ ಸದ್ದು ಮಾಡಿದ ದುರಂತವೇ ದೊಡ್ಡ ಕೊಲೆಗಾರ ಆಗಿರಬೇಕಿಲ್ಲ.

ಕಡಿಮೆಯಾಗುವುದೇ ಕಾಯಿಲೆ

ನಿಯಾಂಡರ್ತಾಲರು ಸುಮಾರು 40,000 ವರ್ಷಗಳ ಹಿಂದೆ ಕಣ್ಮರೆಯಾದರು. ನಾವು ಅವರನ್ನು ಹೊಡೆದು ಮುಗಿಸಿದೆವು ಎಂಬ ಕಥೆಗೆ ಸಿನಿಮಾದ ಸೊಗಸಿದೆ, ಪುರಾವೆ ಕಡಿಮೆ. ಸೈಬೀರಿಯಾದ ಡೆನಿಸೋವಾ ಗುಹೆಯ ಒಬ್ಬ ನಿಯಾಂಡರ್ತಾಲ್ ಹೆಣ್ಣಿನ ಡಿಎನ್ಎ ಓದಿದಾಗ ಆಕೆಯ ತಂದೆ ತಾಯಿ ಅರೆ-ಸೋದರರಷ್ಟು ಹತ್ತಿರದ ರಕ್ತಸಂಬಂಧಿಗಳು ಎಂದು ಗೊತ್ತಾಯಿತು. ಸಂಗಾತಿ ಸಿಗದಷ್ಟು ಚಿಕ್ಕ ಗುಂಪು. 2019ರಲ್ಲಿ ಕಂಪ್ಯೂಟರ್ ಮಾದರಿಗಳಿಂದ ಲೆಕ್ಕ ಹಾಕಿದ ಒಂದು ತಂಡ ಹೇಳಿದ್ದು ಇಷ್ಟೇ: ಜನಸಂಖ್ಯೆ ಅಷ್ಟು ಚಿಕ್ಕದಿದ್ದರೆ ಶತ್ರು ಬೇಕಿಲ್ಲ. ಒಳಸಂಬಂಧದ ಮದುವೆ, ಒಂದೆರಡು ಕೆಟ್ಟ ವರ್ಷ, ಹುಟ್ಟುವ ಹೆಣ್ಣು-ಗಂಡು ಸಂಖ್ಯೆಯ ಏರುಪೇರು ಸಾಕು, ಹತ್ತು ಸಾವಿರ ವರ್ಷಗಳೊಳಗೆ ಕಥೆ ಮುಗಿಯಬಹುದು.

ಇದನ್ನು ಅರ್ಥಮಾಡಿಕೊಳ್ಳಲು ಮೂಡುಬಿದಿರೆಗಿಂತ ಒಳ್ಳೆಯ ಜಾಗವಿಲ್ಲ. ಜೈನರ ಷಟ್ಖಂಡಾಗಮ ಒಂದು ಕಾಲಕ್ಕೆ ಹಲವು ಕಡೆ ಓದುತ್ತಿದ್ದ ಗ್ರಂಥ. ಉಳಿದ ಪ್ರತಿಗಳು ಒಂದೊಂದಾಗಿ ನಶಿಸಿ, ಕೊನೆಗೆ ಅದು ಇಲ್ಲಿನ ಗುರುಬಸದಿಯ ಓಲೆಗರಿಗಳಲ್ಲಿ ಮಾತ್ರ ಉಳಿಯಿತು. ನೂರು ಊರುಗಳಲ್ಲಿ ಪ್ರತಿ ಇರುವ ಗ್ರಂಥವನ್ನು ಒಂದು ಬೆಂಕಿ ಏನೂ ಮಾಡಲಾರದು. ಒಂದೇ ಊರಿಗೆ ಇಳಿದ ಗ್ರಂಥಕ್ಕೆ ಒಂದು ಗೆದ್ದಲ ಹುತ್ತವೂ ಪ್ರಳಯ. ಅಳಿವಂಚಿನ ಜಾತಿಯ ಸ್ಥಿತಿ ಅದೇ. ಇನ್ನೂ ಒಂದು ಸಂಗತಿ: ಅದರ ಮೊದಲ ಐದು ಖಂಡಗಳ ಮೂಲ ಸೂತ್ರಗಳು ನಮ್ಮ ಕೈಗೆ ಬಂದದ್ದು ವೀರಸೇನಾಚಾರ್ಯರ ಧವಲಾ ಎಂಬ ವ್ಯಾಖ್ಯಾನದ ಒಳಗೆ ಕೂತು. ವ್ಯಾಖ್ಯಾನ ಉಳಿದುದರಿಂದ ಮೂಲ ಉಳಿಯಿತು.

ನಿಯಾಂಡರ್ತಾಲರು ಉಳಿದಿರುವುದೂ ಹೀಗೆಯೇ, ನಮ್ಮೊಳಗೆ. ಆಫ್ರಿಕಾ ಬಿಟ್ಟು ಬಂದ ನಮ್ಮವರು ಅವರ ಜೊತೆ ಬೆರೆತು ಮಕ್ಕಳನ್ನು ಪಡೆದರು. ಇದನ್ನು 2010ರಲ್ಲಿ ಸ್ವಾಂಟೆ ಪಾಬೊ ಅವರ ತಂಡ ಡಿಎನ್ಎಯಿಂದ ತೋರಿಸಿತು. ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ಭಾರತೀಯರಲ್ಲಿ ನಿಯಾಂಡರ್ತಾಲ್ ಪಾಲು ಸುಮಾರು ಶೇಕಡಾ 1ರಿಂದ 2. ಆದರೆ ಎಲ್ಲರಲ್ಲೂ ಇರುವುದು ಅದೇ ತುಣುಕುಗಳಲ್ಲ. 2,700ಕ್ಕೂ ಹೆಚ್ಚು ಭಾರತೀಯರ ಪೂರ್ಣ ಜೀನೋಮ್ ಓದಿ 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇವರೆಲ್ಲರಲ್ಲಿ ಚದುರಿದ ತುಣುಕುಗಳನ್ನು ಕೂಡಿಸಿದರೆ ನಿಯಾಂಡರ್ತಾಲ್ ಜೀನೋಮಿನ ಸುಮಾರು ಅರ್ಧ ಭಾಗ ಸಿಗುತ್ತದೆ. ಡೆನಿಸೋವರದು ಸುಮಾರು ಐದರಲ್ಲೊಂದು ಭಾಗ. ಸೈಬೀರಿಯಾದ ಚಳಿ ಗುಹೆಯಲ್ಲಿ ಬೆರಳಿನ ಮೂಳೆಯೊಂದು ಡೆನಿಸೋವರ ಡಿಎನ್ಎಯನ್ನು ಕಾಪಾಡಿಕೊಟ್ಟಿತು. ನಮ್ಮ ಸೆಕೆಯಲ್ಲಿ ಅದು ಆಗದ ಮಾತು: ಹರಿಯಾಣದ ರಾಖಿಗಢಿಯಲ್ಲಿ ಅರವತ್ತಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದಾಗ, ಬರೀ ನಾಲ್ಕೂವರೆ ಸಾವಿರ ವರ್ಷ ಹಳೆಯವಾದರೂ, ಓದಲು ಸಿಕ್ಕಿದ್ದು ಒಬ್ಬ ಹೆಂಗಸಿನ ಡಿಎನ್ಎ ಮಾತ್ರ. ನೆಲ ಉಳಿಸದ್ದನ್ನು ಇಲ್ಲಿ ಮೈ ಉಳಿಸಿದೆ.

ಉಳಿದ ಆ ತುಣುಕುಗಳು ಸುಮ್ಮನೆ ಕೂತಿಲ್ಲ. ಕೋವಿಡ್ ತೀವ್ರವಾಗುವ ಅಪಾಯವನ್ನು ಹೆಚ್ಚಿಸುವ, ಮೂರನೆಯ ವರ್ಣತಂತುವಿನ ಒಂದು ಭಾಗ ನಿಯಾಂಡರ್ತಾಲರಿಂದ ಬಂದದ್ದೆಂದು 2020ರಲ್ಲಿ ಹ್ಯೂಗೊ ಝೆಬರ್ಗ್ ಮತ್ತು ಪಾಬೊ ಕಂಡುಹಿಡಿದರು. ಯುರೋಪಿನಲ್ಲಿ ಅದು ನೂರಕ್ಕೆ 16 ಜನರಲ್ಲಿದ್ದರೆ ದಕ್ಷಿಣ ಏಷ್ಯಾದಲ್ಲಿ ಸುಮಾರು 50 ಜನರಲ್ಲಿದೆ. ಹನ್ನೆರಡನೆಯ ವರ್ಣತಂತುವಿನ ಇನ್ನೊಂದು ನಿಯಾಂಡರ್ತಾಲ್ ತುಣುಕು ಅದೇ ಕಾಯಿಲೆಯಿಂದ ಒಂದಿಷ್ಟು ರಕ್ಷಣೆಯನ್ನೂ ಕೊಡುತ್ತದೆ. ನಲವತ್ತು ಸಾವಿರ ವರ್ಷಗಳ ಹಿಂದೆ ಮುಗಿದವರ ಒಳಿತು ಕೆಡುಕು ಎರಡೂ 2020ರ ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಮಾಡಿವೆ.

ಉಳಿದಿರುವುದು ಕಲ್ಲು

ಹಾಗಾದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನೆಲದಲ್ಲಿ ಹುಡುಕಬೇಕಾದದ್ದು ಏನನ್ನು? ಮೂಳೆಯನ್ನಲ್ಲ. ಹುಳಿ ಮಣ್ಣಿಗೆ ಕರಗದ ವಸ್ತು ಬೆಣಚುಕಲ್ಲು. ಅದರ ಚೆಕ್ಕೆಯಲ್ಲಿ ಮನುಷ್ಯನ ಏಟಿನ ಗುರುತು ಲಕ್ಷ ವರ್ಷವಾದರೂ ಅಳಿಯುವುದಿಲ್ಲ. ನೇತ್ರಾವತಿ, ಫಲ್ಗುಣಿಗಳ ಹಳೆಯ ದಂಡೆಗಳ ಜಲ್ಲಿಪದರಗಳು ಅಂಥ ಕಲ್ಲುಗಳನ್ನು ನೋಡಬೇಕಾದ ಜಾಗ. ಕಡಲಿನೊಳಗೂ ಒಂದು ಭಾಗವಿದೆ: ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು, ನೇತ್ರಾವತಿ ಹತ್ತಾರು ಕಿಲೋಮೀಟರ್ ಆಚೆ ಸಮುದ್ರ ಸೇರುತ್ತಿತ್ತು. ಆ ಕಾಲದ ತೀರವಾಸಿಗಳು ನಡೆದಾಡಿದ ನೆಲದ ಮೇಲೆ ಇಂದು ಮೀನುಗಾರರ ದೋಣಿಗಳು ಓಡುತ್ತಿವೆ.

ಇಷ್ಟು ಕಡಿಮೆ ಪುರಾವೆ ಇರುವ ನೆಲದಲ್ಲಿ ಇರುವುದನ್ನೂ ಕಳೆದುಕೊಳ್ಳುವುದು ನಾವೇ ಮಾಡುತ್ತಿರುವ ಮೂರನೆಯ ಅಳಿವು. ಮೂಡುಕೊಣಾಜೆಯ ಒಂಬತ್ತು ಗೋರಿಗಳಲ್ಲಿ ಈಗ ಪೂರ್ತಿಯಾಗಿ ನಿಂತಿರುವುದು ಎರಡು. ಪದವುಗಳ ಮೇಲೆ ಕಲ್ಲಿನ ಕೋರೆಗಳು ಏಳುತ್ತಿವೆ, ಗುಡ್ಡಗಳು ಸಮತಟ್ಟಾಗಿ ತೋಟಗಳಾಗುತ್ತಿವೆ, ನದಿಯ ಜಲ್ಲಿ ಮನೆಗಳ ತಾರಸಿಗೆ ಹೋಗುತ್ತಿದೆ. ಕೋರೆ ಬೇಡ, ತೋಟ ಬೇಡ ಎನ್ನುವುದು ನ್ಯಾಯವಲ್ಲ. ಯಂತ್ರ ಇಳಿಸುವ ಮೊದಲು ಒಮ್ಮೆ ನೋಡುವುದು ಮಾತ್ರ ಸಾಧ್ಯ. ನಿಮ್ಮ ಗುಡ್ಡದಲ್ಲಿ ಪಾಂಡವರ ಹೆಸರು ಹೊತ್ತ ಕಲ್ಲುಚಪ್ಪಡಿಗಳ ಕಟ್ಟಡವಿದ್ದರೆ ನಿಧಿಯ ಆಸೆಗೆ ಅಗೆಯಬೇಡಿ, ಒಳಗೆ ಚಿನ್ನವಿಲ್ಲ. ಅಂಚು ಕೆತ್ತಿದಂತೆ ಕಾಣುವ ಬೆಣಚುಕಲ್ಲುಗಳು ಒಂದೇ ಕಡೆ ರಾಶಿಯಾಗಿ ಸಿಕ್ಕರೆ ಎತ್ತಿ ತರಬೇಡಿ. ಬಿದ್ದ ಜಾಗ ತಪ್ಪಿದ ಕಲ್ಲಿಗೆ ವಯಸ್ಸು ಹೇಳಲಾಗದು. ಚಿತ್ರ ತೆಗೆದು, ಜಾಗ ಗುರುತಿಸಿ, ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತಿಳಿಸಿ. ನಮ್ಮ ಪೂರ್ವಜರು ಅಳಿದದ್ದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಅವರು ಇದ್ದರು ಎಂಬ ಮಾತನ್ನು ಉಳಿಸುವುದು ನಮ್ಮ ಕೈಯಲ್ಲಿದೆ.